ಹಸು ನೆಲ ಹಿಡಿದಾಗ ಗಾಬರಿ ಬೇಡ



ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸು ಕರು ಹಾಕಿ ಒಂದೆರಡು ದಿನವಾಗಿರುತ್ತದೆ. ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ನೋಡಿದರೆ ಏಳಲಾರದೆ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿದೆ. ಕಿವಿ ಮುಟ್ಟಿದರೆ ತಣ್ಣಗಿದೆ. ಸಾಲ ಮಾಡಿ ತಂದ ಹಸು. ನಮ್ಮ ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಏನೂ ತೋಚುವುದಿಲ್ಲ.

ಇವು ಹಾಲುಜ್ವರದ ಲಕ್ಷಣಗಳು. ಹೆಸರು ಹಾಗಿದ್ದರೂ ಇದರಲ್ಲಿ ಜ್ವರವಿರುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರುತ್ತದೆ. ಪಶುವೈದ್ಯರು ಸಕಾಲದಲ್ಲಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಬಹುಪಾಲು ಹಸುಗಳು ಚೇತರಿಸಿಕೊಳ್ಳುತ್ತವೆ. ಆದರೆ ವೈದ್ಯರು ಬರುವ ಮೊದಲು ಗಾಬರಿಯಲ್ಲಿ ಮಾಡುವ ಕೆಲಸಗಳೇ ಕೆಲವೊಮ್ಮೆ ಹಸುವಿನ ಪ್ರಾಣಕ್ಕೆ ಎರವಾಗುತ್ತವೆ. ಗೊಟ್ಟದಲ್ಲಿ ಎಣ್ಣೆ, ಕಷಾಯ ಹೊಯ್ದರೆ ನುಂಗುವ ಶಕ್ತಿ ಕುಂದಿದ ಹಸುವಿನ ಶ್ವಾಸಕೋಶಕ್ಕೆ ಅದು ಇಳಿದು ನ್ಯುಮೋನಿಯಾ ಆಗುತ್ತದೆ. ಬಾಲ ತಿರುಚಿ, ಹೊಡೆದು ಎಬ್ಬಿಸಿದರೆ ಜಾರಿ ಬಿದ್ದು ಕಾಲಿಗೆ ಪೆಟ್ಟಾಗಬಹುದು.

ಗಾಬರಿ ಏಕೆ?

ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಎಂಬ ರಸ ಹೆಚ್ಚುತ್ತದೆ. ಎದೆಬಡಿತ, ಉಸಿರಾಟ ಚುರುಕಾಗುತ್ತವೆ. ಓಡಲು ಇದು ಒಳ್ಳೆಯದು, ಯೋಚಿಸಲು ಅಲ್ಲ. ಎದೆಬಡಿತ ನಮ್ಮ ಮಾತು ಕೇಳುವುದಿಲ್ಲ, ಉಸಿರು ಕೇಳುತ್ತದೆ. ಉಸಿರನ್ನು ನಿಧಾನವಾಗಿ ಬಿಟ್ಟರೆ ಎದೆಬಡಿತವೂ ಇಳಿಯುತ್ತದೆ.

ಎರಡು ನಿಮಿಷದ ಕ್ರಮ

1. ಮೊದಲು ಪಶುವೈದ್ಯರಿಗೆ ಇಲ್ಲವೇ 1962ಕ್ಕೆ ಫೋನ್ ಮಾಡಿ. ಮಾತು ತಡವರಿಸಿದರೆ ಮನೆಯ ಬೇರೊಬ್ಬರ ಕೈಯಲ್ಲಿ ಮಾಡಿಸಿ.
2. ಕೊಟ್ಟಿಗೆಯಿಂದ ಹೊರಬಂದು ತಣ್ಣೀರಿನಲ್ಲಿ ಮುಖ ತೊಳೆದುಕೊಳ್ಳಿ.
3. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದುಕೊಳ್ಳಿ. ಆರು ಎಣಿಸುತ್ತಾ ನಿಧಾನವಾಗಿ ಬಿಡಿ. ಹತ್ತು ಸಲ ಮಾಡಿ. ತಲೆ ಸುತ್ತಿದರೆ ನಿಲ್ಲಿಸಿ.
4. ಇನ್ನೂ ಮನಸ್ಸು ಓಡುತ್ತಿದ್ದರೆ ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿ: ಗೋದಲಿ, ಹಗ್ಗ, ಬಕೆಟ್, ಕ್ಯಾನು, ಹುಲ್ಲು.
5. ಮುಂದೇನಾಗುವುದೋ ಎಂಬುದನ್ನು ಬದಿಗಿಟ್ಟು, ಈಗಿನ ಒಂದು ಕೆಲಸವನ್ನಷ್ಟೇ ಹಿಡಿಯಿರಿ.

ಆ ಕೆಲಸವೆಂದರೆ, ಹಸು ಅಡ್ಡ ಬೀಳದಂತೆ ಎರಡೂ ಪಕ್ಕಕ್ಕೆ ಹುಲ್ಲು ತುಂಬಿದ ಚೀಲ ಒತ್ತುಕೊಟ್ಟು ಎದೆಯ ಮೇಲೆ ಕೂರಿಸುವುದು. ಅಡ್ಡ ಮಲಗಿದರೆ ಹೊಟ್ಟೆ ಉಬ್ಬರಿಸುತ್ತದೆ. ಬಿಸಿಲಿದ್ದರೆ ನೆರಳು ಮಾಡಿ. ಬಾಯಿಗೆ ಏನನ್ನೂ ಹೊಯ್ಯಬೇಡಿ.

ಹಾಲು ಕರೆಯುವಾಗಲೂ ಇದೇ ಕ್ರಮ

ಸಿಟ್ಟಿನಲ್ಲಿ ಕೂಗಾಡಿ, ಹಸುವಿಗೆ ಎರಡೇಟು ಹಾಕಿ ಕರೆಯಲು ಕುಳಿತರೆ ಅದು ಹಾಲು ಇಳಿಸುವುದಿಲ್ಲ. ಹಾಲು ಇಳಿಸುವ ಆಕ್ಸಿಟೋಸಿನ್ ರಸವನ್ನು ಹಸುವಿನ ಅಡ್ರಿನಲಿನ್ ತಡೆಯುತ್ತದೆ. ಕೆಚ್ಚಲಿಗೆ ಕೈ ಹಾಕುವ ಮೊದಲು ಹತ್ತು ಉಸಿರು ಎಣಿಸಿದರೆ ನಷ್ಟವೇನಿಲ್ಲ.

ಕಳವಳ ಇಳಿಯದಿದ್ದರೆ

ಹಸು ಸತ್ತು, ಸಾಲ ಉಳಿದು, ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ ಉಸಿರಾಟದ ಅಭ್ಯಾಸವೊಂದೇ ಸಾಲದು. ಇದು ಹೇಡಿತನವಲ್ಲ. ಮನೆಯವರೊಂದಿಗೆ ಮಾತನಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ ಮಾತನಾಡಬಹುದು, ಕನ್ನಡದಲ್ಲೂ ಮಾತನಾಡುತ್ತಾರೆ. ಸಾಯುವ ಯೋಚನೆ ಬಂದರೆ ಒಬ್ಬರೇ ಇರಬೇಡಿ, ಕೂಡಲೇ ಕರೆ ಮಾಡಿ.

ಉಸಿರಿನ ಕ್ರಮವನ್ನು ಸಂಘಕ್ಕೆ ಹಾಲು ಹಾಕಿ ಬಂದ ಮೇಲೆ ದಿನವೂ ಅಭ್ಯಾಸ ಮಾಡಿಕೊಳ್ಳಿ. ಕಷ್ಟ ಬಂದ ದಿನ ಹೊಸದಾಗಿ ಕಲಿಯಲು ಆಗುವುದಿಲ್ಲ.