ಪಿಂಡಿ ಕಟ್ಟಲು ಎಷ್ಟು ಕೈ ಬೇಕು?

ಮಕ್ಕಳಿಗೆ ಈಗ ಮೊಮೊ ಬೇಕು. ಅಂಗಡಿಯಿಂದ ಒಂದು ಪ್ಲೇಟ್ ತಂದರೆ ಮನೆಮಂದಿಗೆ ಸಾಲುವುದಿಲ್ಲ. ಒಳಗಿನ ಕೋಳಿ ಹಲಾಲ್ ಹೌದಾ ಎಂದು ಕೇಳಿದರೆ ಮಾರುವ ಹುಡುಗ ನಮ್ಮ ಮುಖವನ್ನೇ ನೋಡುತ್ತಾನೆ. ಹಾಗಾಗಿ ಮನೆಯಲ್ಲೇ ಮಾಡಲು ಶುರು ಮಾಡಿದೆವು. ಮೊದಲ ಸಲ ನೋಡಿದ ಉಮ್ಮ ಹೇಳಿದ್ದು, "ಇದೇನು ಹೊಸತಾ? ನಮ್ಮ ಪಿಂಡಿಗೆ ಹೊಟ್ಟೆ ತುಂಬಿಸಿದ್ದಾರೆ, ಅಷ್ಟೇ."

ಸುಳ್ಳಲ್ಲ. ತುಳು ಮನೆಗಳಲ್ಲಿ ಪುಂಡಿ ಇದೆ, ಕೊಡಗಿನಲ್ಲಿ ಕಡಂಬುಟ್ಟು. ಕೇರಳದ ಸಿರಿಯನ್ ಕ್ರೈಸ್ತರು ಕೋಳಿ ಸಾರಿನ ಜೊತೆ ಪಿಡಿ ಮಾಡುತ್ತಾರೆ. ಬೈಲುಕುಪ್ಪೆಗೆ ಹೋದರೆ ಟಿಬೆಟಿಯನ್ನರ ಮೊಮೊ. ಲೆಬನಾನ್, ಸಿರಿಯಾದವರ ಶಿಶ್ ಬರಕ್ ಎಂದರೆ ಮಾಂಸ ತುಂಬಿದ ಪುಟ್ಟ ಕಡುಬನ್ನು ಬಿಸಿ ಮೊಸರಿನಲ್ಲಿ ಬೇಯಿಸುವುದು. ಮೊಸರು ಒಡೆಯದಿರಲು ಸ್ವಲ್ಪ ಕಾರ್ನ್‌ಫ್ಲೋರ್ ಕದಡಿ, ಕುದಿ ಬರುವವರೆಗೆ ಕೈಬಿಡದೆ ತಿರುಗಿಸಬೇಕು.

ಮೊಮೊ ಮಾಡಲು ಕಲಿತವರು ಪಿಂಡಿಯಲ್ಲಿ ಎಡವುವುದು ಹಿಟ್ಟಿನಲ್ಲಿ. ಮೈದಾವನ್ನು ತಣ್ಣೀರಲ್ಲಿ ಕಲಸಿ ಅರ್ಧ ಗಂಟೆ ಮುಚ್ಚಿಟ್ಟರೆ ಅದೇ ಎಳೆಯುವಷ್ಟು ಮೆದುವಾಗುತ್ತದೆ. ಅಕ್ಕಿಗೆ ಆ ಅಂಟು ಇಲ್ಲ. ತಣ್ಣೀರಲ್ಲಿ ಕಲಸಿದ ಪಿಂಡಿ ಸಾರಿಗೆ ಬಿದ್ದ ಕೂಡಲೇ ಗಂಜಿಯಾಗುತ್ತದೆ. ಹುರಿದ ಬೆಳ್ತಿಗೆ ಅಕ್ಕಿ ಹಿಟ್ಟು ಒಂದು ಲೋಟಕ್ಕೆ ಸುಮಾರು ಒಂದೂಕಾಲು ಲೋಟ ನೀರು, ಉಪ್ಪು. ನೀರು ತಳತಳ ಕುದಿಯುತ್ತಿರಬೇಕು. ತೆಂಗಿನತುರಿ, ಸಣ್ಣ ಈರುಳ್ಳಿ, ಜೀರಿಗೆಯನ್ನು ತರಿತರಿಯಾಗಿ ಅರೆದು ಸೇರಿಸಿ, ಕೈ ಸುಡುವಷ್ಟು ಬಿಸಿ ಇರುವಾಗಲೇ ನಾದಬೇಕು. ಗೋಲಿಯಷ್ಟು ದೊಡ್ಡ ಉಂಡೆ ಸಾಕು. ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಿ, ಆಮೇಲೆ ಮಾಂಸದ ಮಸಾಲೆಗೆ ಹಾಕಿ. ಮಸಾಲೆ ತುಸು ನೀರಾಗಿಯೇ ಇರಲಿ, ಪಿಂಡಿ ಕುಡಿಯುತ್ತದೆ.

ಕಷ್ಟ ಇರುವುದು ಉಂಡೆ ಕಟ್ಟುವುದರಲ್ಲಿ. ಒಂದು ಕಿಲೋ ಹಿಟ್ಟೆಂದರೆ ನೂರಾರು ಉಂಡೆ. ರಮಝಾನಿನಲ್ಲಿ ಅಸರ್ ನಮಾಝ್ ಮುಗಿಸಿ ಕೂತರೆ ಮಗ್ರಿಬ್ ಬಾಂಗಿನವರೆಗೂ ಒಬ್ಬಳದ್ದೇ ಕೆಲಸ, ಅದೂ ಉಪವಾಸದಲ್ಲಿ. ಉಮ್ಮನ ಬೆರಳುಗಳು ಈಗ ಸರಿಯಾಗಿ ಮಡಚುವುದಿಲ್ಲ. ಎರಡು ವರ್ಷ ನಮ್ಮಲ್ಲಿ ಪಿಂಡಿಯೇ ಆಗಲಿಲ್ಲ. ಯಾರೂ ಯಾಕೆಂದು ಕೇಳಲೂ ಇಲ್ಲ. ಅದೇ ಮಕ್ಕಳು ಮೊಮೊ ಮಡಿಸುವಾಗ ಮಾತ್ರ ಸಾಲಾಗಿ ಕೂರುತ್ತಿದ್ದರು!

ಕಳೆದ ರಮಝಾನಿನಲ್ಲಿ ನಾನೊಂದು ಕರಾರು ಹಾಕಿದೆ. ಮೊದಲು ಒಂದು ತಟ್ಟೆ ಪಿಂಡಿ, ಆಮೇಲೆ ಮೊಮೊ. ಗಂಡಸರಿಗೂ ವಿನಾಯಿತಿ ಇಲ್ಲ. ಇವರು ಕಟ್ಟಿದ್ದು ನಿಂಬೆಹಣ್ಣಿನ ಗಾತ್ರ, ಮಗನದ್ದು ಬಟಾಣಿಯಷ್ಟು. ಉಮ್ಮ ಕುರ್ಚಿಯಲ್ಲಿ ಕೂತು ಒಂದೊಂದನ್ನೇ ಹಿಚುಕಿ ನೋಡಿ, ಬಿರುಕು ಬಿಟ್ಟದ್ದನ್ನು ವಾಪಸು ಎಸೆಯುತ್ತಿದ್ದರು. ಬಿರುಕು ಬಿಟ್ಟರೆ ಕೈಗೆ ನೀರು ಮುಟ್ಟಿಸಿ ಮತ್ತೆ ನಾದಿ, ಹಿಟ್ಟು ಸೇರಿಸಬೇಡಿ.

ಉಳಿದ ಪಿಂಡಿಯನ್ನು ಫ್ರಿಜ್ಜಿನಲ್ಲಿಟ್ಟು ಅತ್ತಾಳಕ್ಕೆ ಚೆನ್ನಾಗಿ ಕುದಿಸಿ. ರಾತ್ರಿಯಿಡೀ ಮಸಾಲೆ ಹೀರಿದ ಆ ಪಿಂಡಿಗಾಗಿಯೇ ನಮ್ಮಲ್ಲಿ ಮಕ್ಕಳು ಈಗ ಕರೆಯದೆ ಏಳುತ್ತಾರೆ.