ಘಟಪ್ರಭೆಯ ಸಿಗಡಿ ಎಲ್ಲಿ ಹುಟ್ಟಬೇಕು?

ಹೊಳೆಯಲ್ಲಿ ಸಿಗಡಿ ಕಡಿಮೆಯಾದರೆ ಹ್ಯಾಚರಿಯಿಂದ ಮರಿ ತಂದು ಬಿಟ್ಟರಾಯಿತು ಎನ್ನುವವರಿದ್ದಾರೆ. ಬಿಟ್ಟ ಮರಿ ಬೆಳೆಯುತ್ತದೆ, ಸುಳ್ಳಲ್ಲ. ಆದರೆ ಅದರ ವಂಶ ಇಲ್ಲಿ ಬೆಳೆಯುವುದಿಲ್ಲ. ಸಾಕಣೆಗೆ ಹೆಸರಾದ ದೊಡ್ಡ ಸಿಗಡಿ, ಮ್ಯಾಕ್ರೋಬ್ರಾಕಿಯಂ ರೋಸೆನ್‌ಬರ್ಗಿ, ಇಡೀ ಆಯುಷ್ಯಕ್ಕೆ ಸಿಹಿನೀರಿನದಲ್ಲ. ಹೆಣ್ಣು ಪೊರೆ ಕಳಚಿ ಮೈ ಮೆತ್ತಗಿರುವಾಗಲೇ ಗಂಡಿನೊಡನೆ ಕೂಡುತ್ತದೆ. ಒಂದು ದಿನದೊಳಗೆ ತತ್ತಿಗಳು ಹೊರಬಂದು ಹೊಟ್ಟೆಯಡಿಯ ಈಜುಗಾಲುಗಳಿಗೆ ಅಂಟಿಕೊಳ್ಳುತ್ತವೆ. ಬಲಿತ ಹೆಣ್ಣಿನಲ್ಲಿ 80,000 ದಾಟುವುದುಂಟು. ತಾಯಿ ಸುಮಾರು 20 ದಿನ ಈಜುಗಾಲು ಬೀಸುತ್ತ ಅವಕ್ಕೆ ಹೊಸ ನೀರು ತಾಗಿಸುತ್ತಿರುತ್ತದೆ. ಕಿತ್ತಳೆ ಬಣ್ಣದ ತತ್ತಿ ಬೂದಿಬಣ್ಣಕ್ಕೆ ತಿರುಗಿ, ಒಳಗೆ ಕಪ್ಪು ಕಣ್ಣು ಕಂಡರೆ ಒಡೆಯುವ ಕಾಲ ಬಂತೆಂದೇ ಅರ್ಥ. ಹೊರಬಂದ ಮರಿಗೆ ಮಾತ್ರ ಉಪ್ಪು ಬೆರೆತ ನೀರೇ ಬೇಕು; ಬರೀ ಸಿಹಿನೀರಲ್ಲಿ ಕೆಲವೇ ದಿನಗಳಲ್ಲಿ ಸಾಯುತ್ತದೆ. 1960ರ ದಶಕದ ಆರಂಭದಲ್ಲಿ ಮಲೇಷ್ಯಾದಲ್ಲಿ ವಿಜ್ಞಾನಿ ಶಾವೊ-ವೆನ್ ಲಿಂಗ್ ಈ ಗುಟ್ಟು ಬಿಡಿಸಿದ ಮೇಲೆಯೇ ಹ್ಯಾಚರಿಗಳು ಸಾಧ್ಯವಾದವು.

ಘಟಪ್ರಭೆಯ ನೀರು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿ ಸೇರಬೇಕು. ನಡುವೆ ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ. ಇತ್ತ ಹುಕ್ಕೇರಿ ತಾಲ್ಲೂಕಿನಲ್ಲಿ ಹಿಡಕಲ್ ಅಣೆಕಟ್ಟು, ಕೆಳಗೆ 1897ರ ಧೂಪದಾಳ ಒಡ್ಡು. ಅಳಿವೆಯಲ್ಲಿ ಹುಟ್ಟಿದ ಮರಿ ಇಷ್ಟನ್ನೆಲ್ಲ ಹತ್ತಿ ಹೊಳೆಯ ಮೇಲ್ಭಾಗದವರೆಗೆ ಬರುವುದು ಆಗದ ಮಾತು. ಅಣೆಕಟ್ಟಿಗೂ ಮೊದಲೇ 170 ಅಡಿಯ ಗೋಕಾಕ ಜಲಪಾತ ಅಡ್ಡವಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆಯೇ, ಆದರೆ ಅದು ನನ್ನ ವಾದಕ್ಕೇ ಬಲ ಕೊಡುತ್ತದೆ: ಜಲಪಾತದ ಮೇಲೆ ನೆಲೆನಿಲ್ಲಬೇಕಾದ ಸಿಗಡಿ ಸಮುದ್ರವನ್ನು ನೆಚ್ಚಿಕೊಂಡಿರಲಾಗದು. ಅಂಥವೂ ಇವೆ. ಕೆಲವು ಸಣ್ಣ ಜಾತಿಗಳು ಸಿಹಿನೀರಲ್ಲೇ ಇಡೀ ಬಾಳು ಮುಗಿಸುತ್ತವೆ. ಕೆಲವು ತತ್ತಿ ಕಡಿಮೆ ಇಟ್ಟರೂ ದೊಡ್ಡದಾಗಿ, ಭಂಡಾರ ತುಂಬಿಸಿ ಇಡುತ್ತವೆ, ಮರಿ ಬಹುಪಾಲು ರೂಪ ತಳೆದೇ ಹೊರಬರುತ್ತದೆ. ನಮ್ಮ ಭಾಗದ ಸಿಗಡಿ ಸಂಪತ್ತು ಅಲ್ಪವೇನಲ್ಲ: 1988ರಲ್ಲಿ ಜಾಲಿಹಾಳ, ಶೆಣೈ, ಸಂಕೊಳ್ಳಿ ಅವರು ಧಾರವಾಡದ ಆಸುಪಾಸಿನಿಂದಲೇ ಐದು ಹೊಸ ಜಾತಿಗಳನ್ನು ವಿವರಿಸಿದರು.

ಸಣ್ಣ ಸಿಗಡಿಗೆ ಬೆಲೆಯೆಲ್ಲಿ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ದೊಡ್ಡದನ್ನು ಹೊಂಡದಲ್ಲಿ ಸಾಕಲಿ, ಪ್ರತಿ ಸಲ ಮರಿ ಕೊಂಡು ತರುವ ಲೆಕ್ಕ ಹಾಕಿಯೇ ಸಾಕಲಿ. ಹೊಳೆಯ ಮಾತು ಬೇರೆ. ಅಲ್ಲಿ ಮುಂದಿನ ಬೆಳೆ ತಾಯಿಯ ಹೊಟ್ಟೆಯಡಿ ಇರುತ್ತದೆ, ಅದೂ ಸಾವಿರಗಟ್ಟಲೆ ಅಲ್ಲ. ಬಲೆ ಎತ್ತಿದಾಗ ತತ್ತಿ ಹೊತ್ತ ಸಿಗಡಿ ಕಂಡರೆ ನೀರಿಗೇ ಬಿಡಿ.