ದೇವರ ಏಕತ್ವ ಮತ್ತು ದೇವರ ಮಾತು: ಮೂರು ಸೆಮಿಟಿಕ್ ಧರ್ಮಗಳ ತೌಲನಿಕ ವಿವೇಚನೆ

ಯೆಹೂದಿ, ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳು ಮೂರೂ ಅಬ್ರಹಾಮನ ಪರಂಪರೆಗೆ ಸೇರಿದವು. ಜಗತ್ತನ್ನು ಸೃಷ್ಟಿಸಿ, ಮನುಷ್ಯರೊಡನೆ ಮಾತನಾಡುವ ಒಬ್ಬನೇ ದೇವರನ್ನು ಮೂರೂ ಒಪ್ಪುತ್ತವೆ. ಆದುದರಿಂದ ಇವುಗಳ ಭೇದವನ್ನು ದೇವರ ಸಂಖ್ಯೆಯಲ್ಲಿ ಅರಸುವುದು ಫಲಕಾರಿಯಲ್ಲ. ದೇವರು ಒಬ್ಬನೇ ಆಗಿದ್ದಲ್ಲಿ ಅವನ ಮಾತು ಸೃಷ್ಟವಾದುದೋ, ಅವನಷ್ಟೇ ಅನಾದಿಯೋ ಎಂಬ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಈ ಭೇದವು ಸ್ಪಷ್ಟವಾಗಿ ಗೋಚರಿಸುತ್ತದೆ.

ಯೆಹೂದಿಗಳ ನಿತ್ಯಪ್ರಾರ್ಥನೆಯ ಕೇಂದ್ರವಾದ ‘ಶೆಮಾ’ ದೇವರ ಏಕತ್ವದ ಘೋಷಣೆ. ಅದರ ಮೂಲ ಧರ್ಮೋಪದೇಶಕಾಂಡದ 6ನೆಯ ಅಧ್ಯಾಯ. ನಾಲ್ಕು ಹೀಬ್ರೂ ಅಕ್ಷರಗಳ ದೇವನಾಮವನ್ನು ಉಚ್ಚರಿಸದೆ ಪ್ರಾರ್ಥನೆಯಲ್ಲಿ ‘ಅದೋನಾಯ್’ ಎಂದು ಓದುವ ಸಂಪ್ರದಾಯವು ದೇವರ ಅತೀತತ್ವವನ್ನು ಸೂಚಿಸುತ್ತದೆ. ಕೊರ್ಡೊಬಾದಲ್ಲಿ ಜನಿಸಿದ ಮೈಮೊನಿಡೀಸ್ (1138–1204) ಈ ದೃಷ್ಟಿಯನ್ನು ತಾರ್ಕಿಕ ಕೊನೆಗೆ ಒಯ್ದರು. ದೇವರ ಸ್ವರೂಪವನ್ನು ಕುರಿತು ಅವನು ಏನಲ್ಲ ಎಂದಷ್ಟೇ ಹೇಳಬಹುದು. ಮೋಶೆ ಕೇಳಿದ ವಾಣಿಯೂ ದೇವರು ಸೃಷ್ಟಿಸಿದುದೇ ಎಂಬುದು ಅವರ ನಿಲುವು.

ಕ್ರೈಸ್ತ ಧರ್ಮದಲ್ಲಿ ಈ ಪ್ರಶ್ನೆ ಬೇರೊಂದು ತಿರುವು ಪಡೆಯಿತು. ಯೋಹಾನನ ಸುವಾರ್ತೆಯ ಪ್ರಕಾರ ದೇವರ ವಾಕ್ಯವೇ ಯೇಸುವಿನಲ್ಲಿ ಮನುಷ್ಯರೂಪ ತಾಳಿತು. ಮಗನೂ ಸೃಷ್ಟನಾದವನೇ ಎಂದು ಅಲೆಕ್ಸಾಂಡ್ರಿಯಾದ ಏರಿಯಸ್ ವಾದಿಸಿದಾಗ, 325ರ ನೈಸಿಯಾ ಮಹಾಸಭೆಯು ಅದನ್ನು ತಿರಸ್ಕರಿಸಿ, ಮಗನು ತಂದೆಯೊಡನೆ ಏಕಸತ್ತ್ವನೆಂದು ನಿರ್ಣಯಿಸಿತು. 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ತರುವಾಯ ಪವಿತ್ರಾತ್ಮನನ್ನೂ ಒಳಗೊಂಡ ತ್ರಯೇಕತ್ವವು ನೆಲೆಗೊಂಡಿತು. ಇದು ಮೂವರು ದೇವರುಗಳ ಅಂಗೀಕಾರವಲ್ಲ. ಒಂದೇ ಸತ್ತ್ವದಲ್ಲಿ ಮೂರು ವ್ಯಕ್ತಿತ್ವಗಳ ಪ್ರತಿಪಾದನೆ.

ಕುರ್‌ಆನಿನ 112ನೆಯ ಅಧ್ಯಾಯವು ದೇವರಿಗೆ ಸಂತಾನವನ್ನೂ ಸರಿಸಮಾನರನ್ನೂ ನಿರಾಕರಿಸುತ್ತದೆ. ಆದರೂ ಮಾತಿನ ಪ್ರಶ್ನೆ ಇಸ್ಲಾಮಿನಲ್ಲಿಯೂ ತಲೆದೋರಿತು. ಕುರ್‌ಆನ್ ಅನಾದಿಯೆಂದರೆ ದೇವರೊಡನೆ ಇನ್ನೊಂದು ಅನಾದಿ ವಸ್ತುವನ್ನು ಒಪ್ಪಿದಂತಾಗುವುದೆಂದು ಮುಅತಜಿಲಾ ಚಿಂತಕರು ಶಂಕಿಸಿದರು. ಅಬ್ಬಾಸಿ ಖಲೀಫ ಅಲ್-ಮಾಮೂನ್ 833ರಲ್ಲಿ, ಕುರ್‌ಆನ್ ಸೃಷ್ಟವಾದುದೆಂಬ ಮತವನ್ನು ನ್ಯಾಯಾಧೀಶರ ಹಾಗೂ ವಿದ್ವಾಂಸರ ಮೇಲೆ ಹೇರಿದನು. ಅದನ್ನು ಒಪ್ಪದ ಅಹ್ಮದ್ ಇಬ್ನ್ ಹಂಬಲ್ ಸೆರೆವಾಸ ಅನುಭವಿಸಿದರು. ಮುಂದೆ ಅಲ್-ಅಶ್‌ಅರಿಯ ಪರಂಪರೆಯು, ದೇವರ ಗುಣಗಳು ಅವನೇ ಅಲ್ಲ, ಅವನಿಗಿಂತ ಬೇರೆಯೂ ಅಲ್ಲ ಎಂಬ ಸೂತ್ರದಿಂದ ದೇವರ ಮಾತಿನ ಅನಾದಿತ್ವವನ್ನು ಸಮರ್ಥಿಸಿತು.

ಈ ಮೂರೂ ವಾದಗಳ ಹಿಂದಿರುವ ಆತಂಕ ಒಂದೇ. ಮಾತನ್ನು ದೇವರಿಂದ ಬೇರ್ಪಡಿಸಿದರೆ ಮನುಷ್ಯನಿಗೆ ದೊರೆತುದು ದೇವರ ನಿಜದರ್ಶನವೇ ಎಂಬ ಸಂದೇಹ. ಬೇರ್ಪಡಿಸದಿದ್ದರೆ ಏಕತ್ವಕ್ಕೆ ಭಂಗ ಬಂದೀತೆಂಬ ಭಯ. ಈ ದೃಷ್ಟಿಯಿಂದ ಕುರ್‌ಆನಿಗೆ ಸಂವಾದಿಯಾಗಿ ನಿಲ್ಲುವುದು ಬೈಬಲಿಗಿಂತ ಹೆಚ್ಚಾಗಿ ಕ್ರಿಸ್ತನೇ. ಗ್ರಂಥಕ್ಕೆ ಗ್ರಂಥವನ್ನೂ ಪ್ರವಾದಿಗೆ ಪ್ರವಾದಿಯನ್ನೂ ಎದುರಿಟ್ಟು ನೋಡುವ ತೌಲನಿಕ ಅಧ್ಯಯನವು ಈ ಸಂಗತಿಯನ್ನು ಕಾಣದೆಹೋಗುವ ಅಪಾಯವಿದೆ. ಅರಬ್ಬೀ ಭಾಷಿಕರಾದ ಕ್ರೈಸ್ತರೂ ದೇವರನ್ನು ‘ಅಲ್ಲಾಹ್’ ಎಂದೇ ಕರೆಯುತ್ತಾರೆಂಬುದನ್ನು ನೆನೆದರೆ, ಭೇದವಿರುವುದು ಹೆಸರಿನಲ್ಲಲ್ಲ, ಏಕತ್ವದ ಅರ್ಥನಿರೂಪಣೆಯಲ್ಲಿ ಎಂಬುದು ಮನದಟ್ಟಾಗುತ್ತದೆ.